ರೋಡ್ ಹಿಲ್ ಮನೆಯ ಮಗು

ತುಂಬಾ ದಿನಗಳಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಲೇ ಬಂದಿದ್ದ ವಿಷಯ ಇದು. ವಿಷಯ ಹಿತವಾದದ್ದಲ್ಲ, ಒಂದು ಮಗುವಿನ ಕೊಲೆ. 1860ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ನಡೆದದ್ದು. ಪತ್ತೇದಾರಿ ಕಾದಂಬರಿ ಓದುವವರಿಗೆ ಇದರ ನೆರಳು ಗೊತ್ತಿರುತ್ತದೆ, ಕೇಸು ಗೊತ್ತಿರುವುದಿಲ್ಲ. ನಾನು ಓದಿದ ಹತ್ತು ಕಡೆ ಹತ್ತು ತರಹ ಇತ್ತು. ಒಂದು ಕಡೆ ಅಕ್ಕನೇ ಕೊಂದಳು, ಮುಗಿಯಿತು. ಇನ್ನೊಂದು ಕಡೆ ಅಪ್ಪನೇ ಕೊಂದ, ಮಗಳು ತಲೆ ಕೊಟ್ಟಳು. ಮತ್ತೊಂದು ಕಡೆ ಅಣ್ಣ-ತಂಗಿ ಇಬ್ಬರೂ ಸೇರಿ (ಅಸಲಿಗೆ ಅವರು ಅಕ್ಕ-ತಮ್ಮ!). ಎಲ್ಲರೂ ಕಣ್ಣಾರೆ ನೋಡಿದವರ ಹಾಗೆ ಬರೆದಿದ್ದಾರೆ.

ನಮ್ಮ ಆಫೀಸಿನಲ್ಲಿ ರಾತ್ರಿ ಹೊತ್ತು ಸರ್ವರ್ ಕೈ ಕೊಟ್ಟರೆ ಮಾರನೇ ದಿನ ಒಂದು ವರದಿ ಬರೀಬೇಕು. ಅದಕ್ಕೆ ನಮ್ಮ ಹಳೇ ಮ್ಯಾನೇಜರ್ ಒಬ್ಬರು ಹೇಳಿಕೊಟ್ಟ ನಿಯಮ ಒಂದಿತ್ತು. ಮೊದಲು ಎಷ್ಟು ಗಂಟೆಗೆ ಏನಾಯಿತು ಅಂತ ಬರಿ, ಅದು ನಿನಗೆ ಹೇಗೆ ಗೊತ್ತು ಅಂತ ಪಕ್ಕದಲ್ಲಿ ಬರಿ, ಯಾಕಾಯಿತು ಅನ್ನೋದನ್ನ ಕೊನೆಗೆ ಬರಿ. ಕಾರಣ ಮೊದಲು ಬರೆದುಬಿಟ್ಟರೆ ಆಮೇಲೆ ಸಮಯಗಳೆಲ್ಲ ಆ ಕಾರಣಕ್ಕೆ ತಕ್ಕ ಹಾಗೆ ಬಗ್ಗುತ್ತಾ ಹೋಗುತ್ತವೆ ಅನ್ನುತ್ತಿದ್ದರು. ಈ ಕೇಸಿನಲ್ಲಿ ಆಗಿರುವುದು ಅದೇ. ಹಾಗಾಗಿ ನನ್ನ ಕೈಲಾದ ಮಟ್ಟಿಗೆ ಅದೇ ಕ್ರಮದಲ್ಲಿ ಬರೆಯುತ್ತೇನೆ. ಕನ್ನಡದಲ್ಲಿ ಹುಡುಕುವವರಿಗೆ ಒಂದು ಕಡೆ ಸರಿಯಾಗಿ ಸಿಗಲಿ ಅಂತ.

ಮೊದಲು ಮಗು. ಹೆಸರು ಫ್ರಾನ್ಸಿಸ್ ಸ್ಯಾವಿಲ್ ಕೆಂಟ್. ಮನೆಯಲ್ಲಿ ಕರೆಯುತ್ತಿದ್ದದ್ದು ಸ್ಯಾವಿಲ್ ಅಂತ. 1856ರ ಆಗಸ್ಟಿನಲ್ಲಿ ಹುಟ್ಟಿದವನು, ಸಾಯುವಾಗ ಮೂರು ವರ್ಷ ಹತ್ತು ತಿಂಗಳು. ಇಷ್ಟು ಬರೆಯುವುದಕ್ಕೂ ನಾನು ಹುಡುಕಾಡಬೇಕಾಯಿತು ಅಂದರೆ ನಂಬಿ. ಎಲ್ಲ ಬರಹಗಳಲ್ಲೂ ಅಕ್ಕನ ಹೆಸರು ಮೊದಲ ಸಾಲಿನಲ್ಲಿದೆ, ಪತ್ತೇದಾರನ ಹೆಸರು ಎರಡನೇ ಸಾಲಿನಲ್ಲಿದೆ, ಈ ಹುಡುಗ 'ಮಲತಮ್ಮ' ಅಂತ ಎಲ್ಲೋ ಮಧ್ಯದಲ್ಲಿ ಬಂದು ಹೋಗುತ್ತಾನೆ.

ಊರಿನ ಹೆಸರು ಆಗ ರೋಡ್, ವಿಲ್ಟ್‌ಶೈರ್ ಮತ್ತು ಸಾಮರ್‌ಸೆಟ್ ಜಿಲ್ಲೆಗಳ ಗಡಿಯಲ್ಲಿತ್ತು. ಮನೆಯ ಹೆಸರು ರೋಡ್ ಹಿಲ್ ಹೌಸ್. ಯಜಮಾನ ಸ್ಯಾಮ್ಯುಯೆಲ್ ಕೆಂಟ್, ಬಟ್ಟೆ ಗಿರಣಿಗಳ ತಪಾಸಣೆ ಮಾಡುವ ಸರ್ಕಾರಿ ಸಬ್ ಇನ್‌ಸ್ಪೆಕ್ಟರ್. ಕಾರ್ಖಾನೆಗಳಲ್ಲಿ ಸಣ್ಣ ಮಕ್ಕಳನ್ನು ಹೆಚ್ಚು ಹೊತ್ತು ದುಡಿಸುತ್ತಿದ್ದಾರಾ ಅಂತ ನೋಡುವುದು ಇಂಥವರ ಕೆಲಸ. ಸುತ್ತಮುತ್ತಲ ಗಿರಣಿಗಳವರಿಗೆ ಆತನನ್ನು ಕಂಡರೆ ಅಷ್ಟಕ್ಕಷ್ಟೆ. ಮೊದಲ ಹೆಂಡತಿ ಮೇರಿ ಆನ್ 1852ರಲ್ಲಿ ತೀರಿಕೊಂಡರು. ಮಕ್ಕಳಿಗೆ ಪಾಠ ಹೇಳಲು ಮನೆಯಲ್ಲೇ ಇದ್ದ ಮೇರಿ ಪ್ರ್ಯಾಟ್ ಅವರನ್ನು 1853ರಲ್ಲಿ ಮದುವೆಯಾದ. ಸ್ಯಾವಿಲ್ ಈ ಎರಡನೇ ಹೆಂಡತಿಯ ಮಗ. ಮೊದಲ ಹೆಂಡತಿಯ ಮಕ್ಕಳಲ್ಲಿ ಆ ದಿನ ಮನೆಯಲ್ಲಿದ್ದವರು ನಾಲ್ಕು ಜನ. ದೊಡ್ಡವರು ಇಬ್ಬರು ಹೆಣ್ಣುಮಕ್ಕಳು, ಹದಿನಾರು ವರ್ಷದ ಕಾನ್‌ಸ್ಟೆನ್ಸ್, ಹದಿನಾಲ್ಕರ ವಿಲಿಯಂ.

1860ರ ಜೂನ್ 29, ಶುಕ್ರವಾರ ರಾತ್ರಿ. ಮನೆಯೊಳಗೆ ಮಲಗಿದ್ದವರು ಹನ್ನೆರಡು ಜನ. ಗಂಡ ಹೆಂಡತಿ (ಆಕೆ ತುಂಬು ಗರ್ಭಿಣಿ), ಏಳು ಮಕ್ಕಳು, ಆಯಾ ಎಲಿಜಬೆತ್ ಗಾಫ್, ಅಡುಗೆಯಾಕೆ, ಮನೆಗೆಲಸದಾಕೆ. ಸ್ಯಾವಿಲ್ ಮಲಗಿದ್ದದ್ದು ಮಕ್ಕಳ ಕೋಣೆಯಲ್ಲಿ. ಅದೇ ಕೋಣೆಯಲ್ಲಿ ಆಯಾ ಮತ್ತು ಅವನ ಪುಟ್ಟ ತಂಗಿ.

ಬೆಳಗಿನ ಐದರ ಸುಮಾರಿಗೆ ಎಚ್ಚರವಾದಾಗ ತೊಟ್ಟಿಲು ಖಾಲಿ ಇತ್ತು, ತಾಯಿ ಎತ್ತಿಕೊಂಡು ಹೋಗಿರಬೇಕು ಅಂದುಕೊಂಡೆ ಅಂತ ಗಾಫ್ ಹೇಳಿದಳು. ಏಳರ ಹೊತ್ತಿಗೆ ತಾಯಿಯ ಕೋಣೆ ಬಾಗಿಲು ತಟ್ಟಿ ಕೇಳಿದಾಗ ಮಗು ಅಲ್ಲಿಲ್ಲ. ಅಷ್ಟರಲ್ಲಿ ಮನೆಗೆಲಸದಾಕೆಗೆ ಕೆಳಗಿನ ಹಜಾರದ ಕಿಟಕಿ ತೆರೆದಿರುವುದು ಕಂಡಿತ್ತು. ತಂದೆ ಗಾಡಿ ಹತ್ತಿ ಪೊಲೀಸರನ್ನು ಕರೆತರಲು ಐದು ಮೈಲಿ ದೂರದ ಟ್ರೋಬ್ರಿಜ್ ಕಡೆ ಹೊರಟ. ಆತ ದಾರಿಯಲ್ಲಿರುವಾಗಲೇ ಹುಡುಕಲು ಬಂದಿದ್ದ ಊರಿನವರು ಇಬ್ಬರು, ಒಬ್ಬ ಚಮ್ಮಾರ ಇನ್ನೊಬ್ಬ ಸಣ್ಣ ರೈತ, ತೋಟದ ಪೊದೆಗಳ ನಡುವೆ ಆಳುಗಳಿಗೆಂದು ಇದ್ದ ಕಕ್ಕಸಿನ ಗುಂಡಿಯಲ್ಲಿ ಮಗುವನ್ನು ನೋಡಿದರು. ಕಂಬಳಿಯಲ್ಲಿ ಸುತ್ತಿತ್ತು. ಕತ್ತಿನಲ್ಲಿ ಗಾಯ, ಎದೆಯಲ್ಲಿ ಇನ್ನೊಂದು ಗಾಯ. ಇದಕ್ಕಿಂತ ಹೆಚ್ಚು ವರ್ಣನೆ ಬೇಡ. ಆದರೆ ಈ ಎರಡು ಗಾಯಗಳು ಬೇರೆ ಬೇರೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿವರೆಗೆ ಬಹುಮಟ್ಟಿಗೆ ತಕರಾರಿಲ್ಲ. ತಕರಾರು ಶುರುವಾಗುವುದು ಪೊಲೀಸರು ಬಂದ ಮೇಲೆ!

ಮನೆ ದೊಡ್ಡ ಮನುಷ್ಯರದ್ದು. ಟ್ರೋಬ್ರಿಜ್‌ನ ಸೂಪರಿಂಟೆಂಡೆಂಟ್ ಫೋಲಿ ಮತ್ತವನ ಕಡೆಯವರು ಸಂಕೋಚದಲ್ಲೇ ತನಿಖೆ ಮಾಡಿದರು. ಅವತ್ತು ಸಂಜೆ ಬಚ್ಚಲ ಕಡೆಯ ಒಲೆಯ ಬೂದಿಗುಂಡಿಯಲ್ಲಿ ರಕ್ತದ ಕಲೆಯಿದ್ದ ಹೆಂಗಸರ ಒಳ ಅಂಗಿಯೊಂದು ಸಿಕ್ಕಿತು. ಇದು ಮುಟ್ಟಿನ ಕಲೆ ಇರಬೇಕು ಅಂತ ಅದನ್ನು ಅಲ್ಲೇ ವಾಪಸ್ ಇಟ್ಟರು, ಆಮೇಲೆ ಅದು ಮಾಯವಾಯಿತು. ರಾತ್ರಿ ಯಾರಾದರೂ ಬಟ್ಟೆ ಸುಡಲು ಬರುತ್ತಾರಾ ನೋಡೋಣ ಅಂತ ಇಬ್ಬರು ಪೇದೆಗಳನ್ನು ಅಡುಗೆಮನೆಯಲ್ಲಿ ಕಾವಲಿಟ್ಟರೆ, ಯಜಮಾನ ಕೆಂಟ್ ಹೊರಗಿನಿಂದ ಅಗುಳಿ ಹಾಕಿಬಿಟ್ಟ. ಕಾವಲುಗಾರರೇ ಬಂದಿ! ಈ ಎರಡೂ ಸಂಗತಿಯನ್ನು ಸ್ಥಳೀಯ ಪೊಲೀಸರು ಯಾರಿಗೂ ಹೇಳದೆ ಮುಚ್ಚಿಟ್ಟರು. ಅಂಗಿಯ ಕಥೆ ಹೊರಬಿದ್ದದ್ದು ಅದೇ ವರ್ಷ ನವೆಂಬರಿನಲ್ಲಿ. ಅಷ್ಟರಲ್ಲಿ ಇಬ್ಬರನ್ನು ಬಂಧಿಸಿ ಬಿಟ್ಟಾಗಿತ್ತು, ಒಬ್ಬ ಪತ್ತೇದಾರನ ಮಾನ ಹೋಗಿತ್ತು.

ನನಗೆ ಇದು ಇಡೀ ಕೇಸಿನ ಅತಿ ದೊಡ್ಡ ಪ್ರಮಾದ ಅನ್ನಿಸುತ್ತದೆ. ಆ ಅಂಗಿಗೂ ಕೊಲೆಗೂ ಸಂಬಂಧವೇ ಇಲ್ಲದಿರಬಹುದು. ಆದರೆ ಸಿಕ್ಕಿತ್ತು ಅಂತ ಒಂದು ಸಾಲು ಬರೆದಿಟ್ಟಿದ್ದರೆ ಸಂಬಂಧ ಇದೆಯೋ ಇಲ್ಲವೋ ಅಂತ ನೋಡುವ ಅವಕಾಶವಾದರೂ ಇರುತ್ತಿತ್ತು. ನಾಚಿಕೆಯಿಂದ ದಾಖಲೆ ತಪ್ಪಿತು.

ಜುಲೈ 2ರ ಸೋಮವಾರ ಕರೋನರ್ ವಿಚಾರಣೆ ನಡೆದು 'ಅಪರಿಚಿತರಿಂದ ಉದ್ದೇಶಪೂರ್ವಕ ಕೊಲೆ' ಅಂತ ಬರೆದು ಮುಗಿಸಿದರು. ಮನೆಯ ಮಕ್ಕಳನ್ನು ಕೇಳಲೇಬೇಕು ಅಂತ ಜ್ಯೂರಿಯವರು ಹಟ ಹಿಡಿದದ್ದಕ್ಕೆ ಕಾನ್‌ಸ್ಟೆನ್ಸ್ ಮತ್ತು ವಿಲಿಯಂ ಇಬ್ಬರನ್ನೂ ಮನೆಯಲ್ಲೇ ನಾಲ್ಕು ಪ್ರಶ್ನೆ ಕೇಳಿದ ಶಾಸ್ತ್ರವಾಯಿತು. ಪತ್ರಿಕೆಗಳು ಹೊತ್ತಿ ಉರಿದವು. ಮೊದಲು ಆಯಾಳನ್ನು ಬಂಧಿಸಿದರು, ಸಾಕ್ಷಿ ಇಲ್ಲ ಅಂತ ಬಿಟ್ಟರು. ಕೊನೆಗೆ ಲಂಡನ್ನಿನಿಂದ ಜೊನಾಥನ್ ವಿಚರ್ ಬಂದ. ಜುಲೈ 15. ಅಂದರೆ ಎರಡು ವಾರ ಕಳೆದು!

ವಿಚರ್ ಸಾಮಾನ್ಯ ಆಸಾಮಿ ಅಲ್ಲ. 1842ರಲ್ಲಿ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಡಿಟೆಕ್ಟಿವ್ ವಿಭಾಗ ಶುರುವಾದಾಗ ಸೇರಿದ ಎಂಟು ಜನರಲ್ಲಿ ಒಬ್ಬ. ಡಿಕನ್ಸ್ 1850ರಲ್ಲಿ ತನ್ನ ಪತ್ರಿಕೆಯಲ್ಲಿ ಈತನ ಬಗ್ಗೆ ಹೆಸರು ಸ್ವಲ್ಪ ಬದಲಿಸಿ ಬರೆದಿದ್ದ. ಅವನು ಬಂದವನೇ ಹಿಡಿದದ್ದು ಒಂದು ಲೆಕ್ಕದ ತಪ್ಪನ್ನ. ಕಾನ್‌ಸ್ಟೆನ್ಸ್ ಹತ್ತಿರ ನೈಟ್‌ಗೌನ್ ಮೂರಿರಬೇಕಿತ್ತು, ಎರಡೇ ಇದ್ದವು. ಮೂರನೆಯದು ಸೋಮವಾರ ಒಗೆಯಲು ಹೋಗಿತ್ತು, ಒಗೆಯುವಾಕೆ ಕಳೆದುಹಾಕಿದ್ದಾಳೆ ಅಂತ ಮನೆಯವರು. ಬುಟ್ಟಿಯಲ್ಲಿ ಅದು ಬರಲೇ ಇಲ್ಲ ಅಂತ ಒಗೆಯುವಾಕೆ. ವಿಚರ್ ಹೇಳಿದ್ದು ಹೀಗೆ. ರಕ್ತವಾದ ನೈಟ್‌ಗೌನ್ ಅನ್ನು ಹುಡುಗಿ ಅಡಗಿಸಿಟ್ಟಳು ಇಲ್ಲವೇ ನಾಶ ಮಾಡಿದಳು. ಸೋಮವಾರ ಒಂದು ಶುಭ್ರ ನೈಟ್‌ಗೌನ್ ಪಟ್ಟಿಯಲ್ಲಿ ಬರೆಸಿ ಬುಟ್ಟಿಗೆ ಹಾಕಿಸಿದಳು. ಆಮೇಲೆ ಬುಟ್ಟಿಯಲ್ಲಿರುವ ನನ್ನ ಲಂಗದ ಜೇಬಲ್ಲಿ ಪರ್ಸ್ ಉಳಿದಿದೆಯಾ ನೋಡು ಅಂತ ಕೆಲಸದಾಕೆಯನ್ನು ಕೇಳಿ, ಒಂದು ಲೋಟ ನೀರು ತಾ ಅಂತ ಕೆಳಗೆ ಕಳಿಸಿ, ಆ ಒಂದು ನಿಮಿಷದಲ್ಲಿ ಅದನ್ನು ವಾಪಸ್ ತೆಗೆದುಕೊಂಡಳು. ಪಟ್ಟಿಯಲ್ಲಿ ಇದೆ, ಬುಟ್ಟಿಯಲ್ಲಿ ಇಲ್ಲ, ತಪ್ಪು ಒಗೆಯುವವಳ ತಲೆಗೆ!

ಎಂಥಾ ತಲೆ ನೋಡಿ. ಇದನ್ನು ಓದಿದಾಗ ನಾನು ಎದ್ದು ಕೂತಿದ್ದೆ. ಆದರೆ ಗಮನಿಸಿ, ಪರ್ಸ್ ಕೇಳಿದ್ದು ಮತ್ತು ನೀರು ತರಿಸಿದ್ದು ಸಾಕ್ಷಿ ಹೇಳಿದ ಮಾತು. ಬುಟ್ಟಿಯಿಂದ ತೆಗೆದದ್ದು ವಿಚರ್‌ನ ಊಹೆ. ಅನೇಕ ಬರಹಗಳಲ್ಲಿ ಇವೆರಡೂ ಒಂದೇ ವಾಕ್ಯದಲ್ಲಿ ಸೇರಿಹೋಗಿವೆ.

ಇನ್ನೊಂದು ಸಂಗತಿ ಅವನಿಗೆ ಸಿಕ್ಕಿತು. 1856ರಲ್ಲಿ ಇದೇ ಅಕ್ಕ-ತಮ್ಮ ಮನೆ ಬಿಟ್ಟು ಬಾತ್ ಊರಿನ ತನಕ ಓಡಿಹೋಗಿದ್ದರು. ಅವಳು ಹುಡುಗನ ವೇಷ ಹಾಕಿಕೊಂಡು, ತಲೆಗೂದಲು ಕತ್ತರಿಸಿ, ಬಟ್ಟೆ ಮತ್ತು ಕೂದಲನ್ನು ಎಸೆದಿದ್ದದ್ದು ಅದೇ ಕಕ್ಕಸಿಗೆ.

ಒಂದು ವಾರದೊಳಗೆ ವಿಚರ್ ಅವಳನ್ನು ಬಂಧಿಸಿದ. ಜುಲೈ 27ರಂದು ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆಯಾಯಿತು. ಕಳೆದುಹೋದ ನೈಟ್‌ಗೌನ್ ಸಿಗದೆ ಅವನ ವಾದ ನಿಲ್ಲುವ ಹಾಗೇ ಇರಲಿಲ್ಲ. ಹುಡುಗಿಯ ಪರ ವಕೀಲ ಎಡ್ಲಿನ್, ಬಹುಮಾನದ ಹಣದ ಆಸೆಗೆ ಈ ಮನುಷ್ಯ ಒಬ್ಬ ಎಳೆ ಹುಡುಗಿಯ ಬಾಳು ಹಾಳು ಮಾಡಿದ ಅಂತ ಕೂಗಾಡಿದ. ನೆರೆದವರು ಚಪ್ಪಾಳೆ ತಟ್ಟಿದರು. 200 ಪೌಂಡ್ ಮುಚ್ಚಳಿಕೆ ಬರೆಸಿಕೊಂಡು ಅವಳನ್ನು ಬಿಟ್ಟುಬಿಟ್ಟರು. ದೊಡ್ಡ ಮನೆಯ ಹುಡುಗಿಯ ಒಳ ಉಡುಪಿನ ಲೆಕ್ಕ ಕೇಳುವ ತೋಟಗಾರನ ಮಗ ಅಂದರೆ ಆ ಕಾಲದವರಿಗೆ ಮೈ ಉರಿಯುತ್ತಿತ್ತು. ವಿಚರ್‌ನ ಕಥೆ ಅಲ್ಲಿಗೆ ಮುಗಿದ ಹಾಗೇ. 1864ರಲ್ಲಿ ಆರೋಗ್ಯ ಕೆಟ್ಟು ನಿವೃತ್ತಿ ತೆಗೆದುಕೊಂಡ.

ಆಮೇಲೆ ಊರಿಗೂರೇ ಪತ್ತೇದಾರರಾದರು. ಸ್ಕಾಟ್ಲೆಂಡ್ ಯಾರ್ಡಿಗೆ ನೂರಾರು ಕಾಗದ, ಪ್ರತಿಯೊಂದರಲ್ಲೂ ಒಂದೊಂದು ಪರಿಹಾರ. ಡಿಕನ್ಸ್ ಕೂಡ ಗೆಳೆಯ ವಿಲ್ಕಿ ಕಾಲಿನ್ಸ್‌ಗೆ ಬರೆದ ಕಾಗದದಲ್ಲಿ ಅಪ್ಪ ಮತ್ತು ಆಯಾ ಒಟ್ಟಿಗಿದ್ದದ್ದನ್ನು ಮಗು ಎದ್ದು ನೋಡಿತು, ಅದಕ್ಕೇ ಕೊಂದರು ಅಂತ ತೀರ್ಮಾನ ಕೊಟ್ಟಿದ್ದಾನೆ. ಹೀಗೆ ಮನೆಯಲ್ಲಿ ಕೂತು ಊಹಿಸಿದ್ದರಿಂದ ಪೆಟ್ಟು ತಿಂದವಳು ಎಲಿಜಬೆತ್ ಗಾಫ್. ಸೆಪ್ಟೆಂಬರ್ ಕೊನೆಗೆ ಅವಳನ್ನು ಎರಡನೇ ಸಲ ಬಂಧಿಸಿದರು. ದಿನಗಟ್ಟಲೆ ವಿಚಾರಣೆ, ಮತ್ತೆ ಏನೂ ಸಾಬೀತಾಗದೆ ಬಿಡುಗಡೆ. ಅವಳ ವಿರುದ್ಧ ಇದ್ದದ್ದು ಒಂದೇ ವಾದ. ಅಷ್ಟು ಹತ್ತಿರ ಮಲಗಿದ್ದು ಎಚ್ಚರವಾಗಲಿಲ್ಲವೇ? ದಿನವಿಡೀ ಮಕ್ಕಳ ಹಿಂದೆ ಓಡಾಡಿ ಮಲಗಿದ ಇಪ್ಪತ್ತೆರಡರ ಹುಡುಗಿಗೆ ಎಚ್ಚರವಾಗಲಿಲ್ಲ ಅನ್ನುವುದರಲ್ಲಿ ನನಗಂತೂ ಆಶ್ಚರ್ಯ ಕಾಣುವುದಿಲ್ಲ.

1861ರಲ್ಲಿ ಜೋಸೆಫ್ ಸ್ಟೇಪಲ್ಟನ್ ಅನ್ನುವ ವೈದ್ಯ ಈ ಕೇಸಿನ ಬಗ್ಗೆ ಪುಸ್ತಕ ಬರೆದ. ಒಳಗಿನ ವಿವರಗಳಿಗೆ ಇಂದಿಗೂ ಎಲ್ಲರೂ ಹೋಗುವುದು ಅದಕ್ಕೇ. ಆದರೆ ಆತ ಸ್ಯಾಮ್ಯುಯೆಲ್ ಕೆಂಟ್‌ನ ಸ್ನೇಹಿತ. ಮೊದಲ ಹೆಂಡತಿಗೆ ಬುದ್ಧಿಭ್ರಮಣೆ ಇತ್ತು ಅನ್ನುವ ಮಾತನ್ನು ಆ ಪುಸ್ತಕ ಯಜಮಾನನ ಕಡೆಯಿಂದಲೇ ಹೇಳುತ್ತದೆ. ಆಕೆ ಸತ್ತು ಎಂಟೊಂಬತ್ತು ವರ್ಷವಾಗಿತ್ತು, ತಿರುಗಿ ಉತ್ತರ ಕೊಡುವವರು ಯಾರು? ಅಲ್ಲಿಂದ ಮುಂದಕ್ಕೆ 'ಹುಚ್ಚಿಯ ಮಗಳು' ಅನ್ನುವುದು ಸಾಬೀತಾದ ಸಂಗತಿಯ ಹಾಗೆ ಒಂದು ಬರಹದಿಂದ ಇನ್ನೊಂದಕ್ಕೆ ದಾಟುತ್ತಾ ಬಂದಿದೆ. ಅದು ಒಬ್ಬ ಗಂಡನ ಹೇಳಿಕೆ, ಅಷ್ಟೆ.

ಐದು ವರ್ಷ ಏನೂ ಆಗಲಿಲ್ಲ. 1865ರ ಏಪ್ರಿಲ್ 25ರಂದು ಲಂಡನ್ನಿನ ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟರ ಮುಂದೆ ಕಪ್ಪು ಬಟ್ಟೆ ತೊಟ್ಟ ಕಾನ್‌ಸ್ಟೆನ್ಸ್ ಬಂದು ನಿಂತಳು. ಫ್ರಾನ್ಸಿನಲ್ಲಿ ಓದಿ, 1863ರಿಂದ ಬ್ರೈಟನ್‌ನಲ್ಲಿ ಒಂದು ಕ್ರೈಸ್ತ ಆಶ್ರಮದಲ್ಲಿದ್ದಳು. ನಾನೊಬ್ಬಳೇ, ಯಾರ ಸಹಾಯವೂ ಇಲ್ಲದೆ ಮಾಡಿದೆ ಅಂತ ಬರೆದುಕೊಟ್ಟಳು. ಜೊತೆಗೆ ಬಂದಿದ್ದ ಪಾದ್ರಿ ವ್ಯಾಗ್ನರ್, ಅವಳು ನನ್ನ ಹತ್ತಿರ ಪಾಪನಿವೇದನೆಯಲ್ಲಿ ಹೇಳಿದ್ದನ್ನು ಬಾಯಿ ಬಿಡುವುದಿಲ್ಲ ಅಂದದ್ದು ಪಾರ್ಲಿಮೆಂಟಿನವರೆಗೆ ಗಲಾಟೆಯಾಯಿತು. ಜುಲೈ 21ರಂದು ಸಾಲ್ಸ್‌ಬರಿಯಲ್ಲಿ ತಪ್ಪೊಪ್ಪಿಕೊಂಡಳು. ತಪ್ಪೊಪ್ಪಿದ್ದರಿಂದ ಸಾಕ್ಷಿ ವಿಚಾರಣೆಯೇ ಇಲ್ಲ, ಕೆಲವೇ ನಿಮಿಷಗಳ ಕೆಲಸ. ಗಲ್ಲು ಅಂತ ಓದುವಾಗ ನ್ಯಾಯಾಧೀಶ ವಿಲ್ಸ್ ಅತ್ತುಬಿಟ್ಟರಂತೆ. ಕೆಲವು ದಿನಗಳಲ್ಲೇ ಶಿಕ್ಷೆ ಜೀವಾವಧಿಗೆ ಇಳಿಯಿತು.

ಇಲ್ಲಿಗೆ ಕಥೆ ಮುಗಿಯಿತು ಅನ್ನುವವರೇ ಹೆಚ್ಚು. ನನಗೆ ಕಸಿವಿಸಿ ಶುರುವಾಗುವುದೇ ಇಲ್ಲಿ.

ಅವಳು ಹೇಗೆ ಮಾಡಿದಳು ಅನ್ನುವ ವಿವರ ಬಂದದ್ದು ಕೋರ್ಟಿನಲ್ಲಿ ಅಲ್ಲ. ಅವಳನ್ನು ಪರೀಕ್ಷಿಸಿದ ಡಾಕ್ಟರ್ ಬಕ್‌ನಿಲ್ ಪತ್ರಿಕೆಗಳಿಗೆ ಕೊಟ್ಟ ಒಂದು ಪತ್ರದಲ್ಲಿ. ಅದರ ಪ್ರಕಾರ ಅಪ್ಪನ ಬೀರುವಿನಿಂದ ಕದ್ದಿಟ್ಟಿದ್ದ ಕ್ಷೌರದ ಕತ್ತಿಯೊಂದೇ ಆಯುಧ. ಆದರೆ ಶವಪರೀಕ್ಷೆ ಮಾಡಿದ್ದ ಪಾರ್ಸನ್ಸ್, ಎದೆಯ ಗಾಯಕ್ಕೆ ಮೊನೆಯಿರುವ ಉದ್ದ ಚೂರಿ ಬೇಕು ಅಂತ ಮೊದಲಿನಿಂದಲೂ ಹೇಳುತ್ತಾ ಬಂದಿದ್ದರು. ಕ್ಷೌರದ ಕತ್ತಿಗೆ ಮೊನೆ ಎಲ್ಲಿಂದ ಬರಬೇಕು? ಬಾಯಿಯ ಸುತ್ತ ಕಪ್ಪು ಗುರುತಿತ್ತು, ಉಸಿರು ಕಟ್ಟಿಸಿದ ಹಾಗೆ. ತಪ್ಪೊಪ್ಪಿಗೆಯಲ್ಲಿ ಆ ಮಾತಿಲ್ಲ. ಇನ್ನೂ ಒಂದು. ನಾಲ್ಕು ವರ್ಷ ತುಂಬುತ್ತಾ ಬಂದ, ನಿದ್ದೆಯಲ್ಲಿರುವ ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಹೊದಿಕೆಗಳ ನಡುವಿಂದ ಕಂಬಳಿ ಎಳೆದು, ಮಿಕ್ಕ ಹಾಸಿಗೆ ನೀಟಾಗಿ ಮಡಿಸಿ, ಕಿಟಕಿಯ ಬಾಗಿಲು ಎತ್ತಿ ಹೊರಗೆ ಇಳಿಯುವುದು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಒಮ್ಮೆ ಊಹಿಸಿ ನೋಡಿ, ನನ್ನ ಅಕ್ಕನ ಮಗನನ್ನು ಸೋಫಾದಿಂದ ಮಂಚಕ್ಕೆ ಸಾಗಿಸುವುದಕ್ಕೇ ನನಗೆ ಎರಡು ಕೈ ಸಾಲುವುದಿಲ್ಲ.

ಹಾಗಾದರೆ ಅವಳು ಮಾಡಿಲ್ಲವೇ? ನಾನು ಹಾಗೆ ಹೇಳುತ್ತಿಲ್ಲ. ಅವಳೇ ಹೇಳಿದಳು, ಕೊನೆವರೆಗೂ ಹಿಂತೆಗೆದುಕೊಳ್ಳಲಿಲ್ಲ. ಒಬ್ಬಳೇ ಅನ್ನುವ ಮಾತು ಮಾತ್ರ ಗಟ್ಟಿಯಾಗಿ ನಿಲ್ಲುವುದಿಲ್ಲ. ವಿಚರ್ ತನ್ನ ಮೇಲಧಿಕಾರಿಗೆ ಬರೆದ ವರದಿಗಳಲ್ಲಿ ತಮ್ಮ ವಿಲಿಯಂಗೂ ಗೊತ್ತಿದ್ದಿರಬಹುದು ಅನ್ನುವ ಅನುಮಾನ ಇದೆ. ಕೇಟ್ ಸಮ್ಮರ್‌ಸ್ಕೇಲ್ 2008ರಲ್ಲಿ ಬರೆದ, ಸ್ಯಾಮ್ಯುಯೆಲ್ ಜಾನ್ಸನ್ ಪ್ರಶಸ್ತಿ ಪಡೆದ ಪುಸ್ತಕವೂ ಅದೇ ಕಡೆ ವಾಲುತ್ತದೆ. ಬರ್ನಾರ್ಡ್ ಟೇಲರ್ 1979ರ ತನ್ನ ಪುಸ್ತಕದಲ್ಲಿ ಅಪ್ಪನ ಕಡೆಗೂ ಕೈ ತೋರಿಸಿದ್ದ. ಇವೆಲ್ಲ ಓದಲು ಚೆನ್ನ. ಆದರೆ ವಿಲಿಯಂ ಮೇಲಾಗಲೀ ಅಪ್ಪನ ಮೇಲಾಗಲೀ ಕೊಲೆಯ ಆರೋಪ ಹೊರಿಸಿ ಯಾವ ಕೋರ್ಟೂ ವಿಚಾರಣೆ ನಡೆಸಿಲ್ಲ. ದಾಖಲೆಯಲ್ಲಿ ಬರೆಯಬೇಕಾದ್ದು ಇಷ್ಟೇ. ತಪ್ಪೊಪ್ಪಿಕೊಂಡವಳು ಒಬ್ಬಳು, ಶಿಕ್ಷೆ ಆದದ್ದು ಒಬ್ಬಳಿಗೆ, ವೈದ್ಯರ ಸಾಕ್ಷ್ಯ ಅವಳ ಹೇಳಿಕೆಗೆ ಪೂರ್ತಿ ಹೊಂದುವುದಿಲ್ಲ.

ಅವಳು ಇಪ್ಪತ್ತು ವರ್ಷ ಜೈಲಿನಲ್ಲಿದ್ದು 1885ರ ಜುಲೈನಲ್ಲಿ ಹೊರಬಂದಳು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ನೆಲಮಾಳಿಗೆಯ ಮೊಸಾಯಿಕ್ ನೆಲ ಅವಳ ಕೈಕೆಲಸ ಅಂತ ಒಂದು ಕಥೆ ಓಡಾಡುತ್ತದೆ. ಅದನ್ನು ಮಾಡಿದ್ದು ವೋಕಿಂಗ್ ಜೈಲಿನ ಹೆಂಗಸರು, ಅವಳೂ ಆ ಜೈಲಿನಲ್ಲಿದ್ದವಳೇ. ಇಷ್ಟಕ್ಕೇ ಇಡೀ ನೆಲ ಅವಳ ಹೆಸರಿಗೆ ಬರೆದುಬಿಡುವುದು ಅತಿಯಾಯಿತು.

ತಮ್ಮ ವಿಲಿಯಂ ಅಷ್ಟರಲ್ಲಿ ಮೀನುಗಾರಿಕೆ ಇಲಾಖೆಯ ಕೆಲಸಕ್ಕೆ ಆಸ್ಟ್ರೇಲಿಯಾ ಸೇರಿದ್ದ. 1893ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಬಗ್ಗೆ ಹವಳಗಳ ಫೋಟೋಗಳಿರುವ ದೊಡ್ಡ ಪುಸ್ತಕ ತಂದ ವಿಜ್ಞಾನಿ ಸ್ಯಾವಿಲ್-ಕೆಂಟ್ ಇವನೇ. (ಸಮುದ್ರ ಜೀವಶಾಸ್ತ್ರ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ, ಉಳಿದದ್ದು ಗೊತ್ತಿರುವುದಿಲ್ಲ.) ಅಕ್ಕನೂ ಆಸ್ಟ್ರೇಲಿಯಾಕ್ಕೆ ಹೋಗಿ ರೂತ್ ಎಮಿಲಿ ಕೇ ಅಂತ ಹೆಸರು ಬದಲಿಸಿಕೊಂಡಳು. ಮೆಲ್ಬರ್ನ್‌ನಲ್ಲಿ ನರ್ಸಿಂಗ್ ಕಲಿತಳು, ಸಿಡ್ನಿ ಹತ್ತಿರ ಕುಷ್ಠರೋಗಿಗಳ ಸೇವೆ ಮಾಡಿದಳು, ಪರಮಾಟಾದಲ್ಲಿ ಹೆಣ್ಣುಮಕ್ಕಳ ಶಾಲೆಯ ಮೇಟ್ರನ್ ಆಗಿದ್ದಳು, ಮೇಟ್‌ಲೆಂಡ್‌ನಲ್ಲಿ ನರ್ಸ್‌ಗಳ ನಿವಾಸ ನಡೆಸಿದಳು. 1944ರ ಫೆಬ್ರವರಿಯಲ್ಲಿ ನೂರು ತುಂಬಿತು, ಇಂಗ್ಲೆಂಡಿನ ರಾಜ-ರಾಣಿಯರಿಂದ ಅಭಿನಂದನೆಯ ಟೆಲಿಗ್ರಾಂ ಬಂತು! ಏಪ್ರಿಲ್ 10ರಂದು ತೀರಿಕೊಂಡಳು. ಅವಳೇ ಇವಳು ಅಂತ ಹೊರಜಗತ್ತಿಗೆ ಗೊತ್ತಾದದ್ದು 1970ರ ದಶಕದಲ್ಲಿ, ಟೇಲರ್ ಮತ್ತಿತರರ ಹುಡುಕಾಟದಿಂದ. 1929ರಲ್ಲಿ ಸಿಡ್ನಿಯಿಂದ ಜಾನ್ ರೋಡ್ ಅನ್ನುವ ಪತ್ತೇದಾರಿ ಲೇಖಕನಿಗೆ ಹೆಸರಿಲ್ಲದ ಒಂದು ಉದ್ದನೆಯ ಪತ್ರ ಬಂದಿತ್ತು. ಮಲತಾಯಿಯ ಬಗ್ಗೆ, ತಾಯಿಯ ಬಗ್ಗೆ ಒಳಗಿನವರಿಗೆ ಮಾತ್ರ ಗೊತ್ತಿರುವಂಥ ವಿವರಗಳಿದ್ದವು. ಅದು ಅವಳದ್ದೇ ಅಂತ ಈಗ ಬಹುತೇಕರ ನಂಬಿಕೆ. ತಾಯಿಯನ್ನು ಹೀಯಾಳಿಸಿದ ಸಿಟ್ಟು ಆ ಪತ್ರದ ತುಂಬ ಇದೆ.

ವಿಚರ್? 1865ರಲ್ಲಿ ಅವನ ಮಾತು ನಿಜವಾಯಿತು, ಕೆಲಸ ಮಾತ್ರ ಹೋಗಿತ್ತು. ಖಾಸಗಿ ಪತ್ತೇದಾರನಾಗಿ ಟಿಚ್‌ಬೋರ್ನ್ ಕೇಸಿನಲ್ಲಿ ದುಡಿದ, 1881ರಲ್ಲಿ ತೀರಿಕೊಂಡ. ಅವನ ಕಳೆದುಹೋದ ನೈಟ್‌ಗೌನ್ ಕಾಲಿನ್ಸ್‌ನ 1868ರ ಮೂನ್‌ಸ್ಟೋನ್ ಕಾದಂಬರಿಯಲ್ಲಿ ಬಣ್ಣದ ಕಲೆಯಾಗಿ ಮತ್ತೆ ಸಿಕ್ಕಿತು.

ಕೊನೆಗೆ, ಹುಡುಕುವವರಿಗೆ ಗೊಂದಲವಾಗದಿರಲಿ ಅಂತ ಎರಡು ಮಾತು. ಊರಿನ ಹೆಸರಿನ ಕಾಗುಣಿತ ಈಗ ಬದಲಾಗಿದೆ, 1937ರಲ್ಲಿ ಅದನ್ನು ವಿಲ್ಟ್‌ಶೈರ್‌ನಿಂದ ಸಾಮರ್‌ಸೆಟ್‌ಗೆ ಸೇರಿಸಿದರು. ಮನೆಯ ಹೆಸರನ್ನೂ ಆಮೇಲೆ ಲ್ಯಾಂಗ್‌ಹ್ಯಾಮ್ ಹೌಸ್ ಅಂತ ಬದಲಿಸಿದರು. ಮಗುವಿನ ಹೆಸರನ್ನು ಕೆಲವರು ಕೊನೆಯಲ್ಲಿ 'ಇ' ಅಕ್ಷರ ಹಾಕಿ, ಕೆಲವರು ಹಾಕದೆ ಬರೆಯುತ್ತಾರೆ, ಎರಡೂ ಅವನೇ. ಅವನನ್ನು ಹೂಳಿದ್ದು ರೋಡ್‌ನಲ್ಲಿ ಅಲ್ಲ, ಈಸ್ಟ್ ಕೌಲ್ಸ್‌ಟನ್ ಅನ್ನುವ ಬೇರೆ ಹಳ್ಳಿಯ ಚರ್ಚಿನ ಅಂಗಳದಲ್ಲಿ, 1860ರ ಜುಲೈ 6ರಂದು. ಅಪ್ಪನ ಮೊದಲ ಹೆಂಡತಿ, ಅಂದರೆ ಕಾನ್‌ಸ್ಟೆನ್ಸ್‌ಳ ತಾಯಿ, ಮಲಗಿರುವ ಜಾಗ ಅದೇ. ಮೇಲೆ ಬರೆದದ್ದರಲ್ಲಿ ತಾರೀಖು ಅಥವಾ ಹೆಸರು ಎಲ್ಲಾದರೂ ತಪ್ಪಿದ್ದರೆ ಹೇಳಿ, ತಿದ್ದುತ್ತೇನೆ.